800 ಮೀಟರ್ ಓಡ್ಕೊಂಡೇ ಸೆಕೆಂಡ್ ಪಿಯುಸಿ ಮುಗಿಸಿದ್ದು

ನಾನು ಮೈಸೂರಿನವಳು, 800 ಮೀಟರ್ ಓಡ್ತೀನಿ. ಸೆಕೆಂಡ್ ಪಿಯುಸಿ ಸೈನ್ಸ್ ಶುರುವಾದಾಗ ಟೈಮ್ ಸಾಲ್ತಿಲ್ಲ ಅಂತ ನಿದ್ದೆ ಕಡಿಮೆ ಮಾಡ್ದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. 4.30ಕ್ಕೆ ಎದ್ದು ಚಾಮುಂಡಿ ವಿಹಾರ ಸ್ಟೇಡಿಯಂ, ಎಂಟಕ್ಕೆ ಮನೆ, ಸ್ನಾನ, ಕಾಲೇಜು, ಸಂಜೆ ಟ್ಯೂಷನ್, ಆಮೇಲೆ ರಾತ್ರಿ ಹನ್ನೆರಡರ ತನಕ ಲ್ಯಾಬ್ ರೆಕಾರ್ಡ್ ಬರೆಯೋದು, ಹೀಗೇ ಎರಡು ತಿಂಗಳು ತಳ್ಳಿದೆ.

2 ನಿಮಿಷ 28 ಸೆಕೆಂಡಿಗೆ ಮುಗಿಸ್ತಿದ್ದವಳು 2 ನಿಮಿಷ 36 ಸೆಕೆಂಡಿಗೆ ಹೋದೆ. ಎರಡನೇ ರೌಂಡಲ್ಲಿ ಕಾಲೇ ಎತ್ತಕ್ಕಾಗ್ತಿರ್ಲಿಲ್ಲ, ಕಾಲೇಜಲ್ಲಿ ಮೆಟ್ಲು ಹತ್ತಿದ್ರೂ ಏದುಸಿರು. ಪ್ರಾಕ್ಟೀಸ್ ಸಾಲ್ತಿಲ್ಲ ಅಂದ್ಕೊಂಡು ಇನ್ನೂ ಜಾಸ್ತಿ ಓಡ್ದೆ. ಕೋಚ್ ಸರ್ ಮಾತ್ರ "ಮೊದ್ಲು ಬ್ಲಡ್ ಟೆಸ್ಟ್ ಮಾಡಿಸ್ಕೊಂಡು ಬಾಮ್ಮ, ಅಲ್ಲೀವರ್ಗೂ ಟ್ರ್ಯಾಕಿಗೆ ಇಳೀಬೇಡ" ಅಂದ್ಬಿಟ್ರು.

ಹಿಮೋಗ್ಲೋಬಿನ್ 9.2 ಬಂತು, ಹೆಣ್ಮಕ್ಕಳಿಗೆ ಕಡಿಮೆ ಅಂದ್ರೂ 12 ಇರ್ಬೇಕು. ತಿಂಗಳು ತಿಂಗಳು ಮುಟ್ಟಲ್ಲಿ ರಕ್ತ ಹೋಗುತ್ತೆ, ಓಡೋರಿಗೆ ಬೆವರಲ್ಲೂ ಅಂಗಾಲು ನೆಲಕ್ಕೆ ಬಡಿದೂ ಬಡಿದೂ ಇನ್ನೊಂದಿಷ್ಟು ಕಬ್ಬಿಣದಂಶ ಹೋಗುತ್ತೆ, ಇದನ್ನ ಅಲ್ಲೀವರ್ಗೂ ನಂಗೆ ಯಾರೂ ಹೇಳಿರ್ಲಿಲ್ಲ. ಡಾಕ್ಟ್ರು ಮೂರು ತಿಂಗಳಿಗೆ ಮಾತ್ರೆ ಬರ್ಕೊಟ್ರು, ತಿಂಡಿ ಜೊತೆ ಕಾಫಿ ಬೇಡ, ಒಂದು ಗಂಟೆ ಬಿಟ್ಟು ಕುಡಿ ಅಂದ್ರು, ಯಾಕಂದ್ರೆ ಕಾಫಿ ಟೀ ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ. ಅಮ್ಮ ನುಗ್ಗೆಸೊಪ್ಪು, ಹುರುಳಿಕಾಳು ಬಸ್ಸಾರು ಮಾಡಿ ಮೇಲೆ ನಿಂಬೆಹಣ್ಣು ಹಿಂಡ್ಕೊಡೋರು, ಹುಳಿ ಇದ್ರೆ ಚೆನ್ನಾಗಿ ಹತ್ತುತ್ತೆ.

ಆಮೇಲೆ ರಾತ್ರಿ 9.30ಕ್ಕೆ ಲೈಟ್ ಆಫ್. ಅದನ್ನ ಮೊದ್ಲು ಗಟ್ಟಿ ಮಾಡ್ಕೊಂಡು ಉಳಿದಿದ್ದರಲ್ಲಿ ಓದು ಹೊಂದಿಸ್ದೆ. ಟ್ಯೂಷನ್ ಮ್ಯಾಥ್ಸ್ ಒಂದಕ್ಕೇ ಇಟ್ಕೊಂಡೆ, ರೆಕಾರ್ಡನ್ನ ಆವತ್ತಾವತ್ತೇ ಲ್ಯಾಬಲ್ಲೇ ಕೂತು ಮುಗಿಸ್ತಿದ್ದೆ. ಫಿಸಿಕ್ಸ್ ಡಿರೈವೇಷನ್ ಓದೋದು ಬಿಟ್ಟು ಪುಸ್ತಕ ಮುಚ್ಚಿ ದಿನಕ್ಕೆ ಎರಡು ಬರೀತಿದ್ದೆ, ತಪ್ಪಿದ ಕಡೆ ಮಾತ್ರ ಮತ್ತೆ ನೋಡೋದು, ಅದರಲ್ಲೇ ಎಷ್ಟೋ ಟೈಮ್ ಉಳೀತು. ಇನ್ನೊಂದು, 75 ಪರ್ಸೆಂಟ್ ಅಟೆಂಡೆನ್ಸ್ ಬೇಕೇ ಬೇಕು, ಅದಕ್ಕೆ ಓಟದ ಮೀಟ್‌ಗೆ ಹೋಗೋ ಮುಂಚೆನೇ ಕಾಲೇಜಿಗೆ ಲೆಟರ್ ಕೊಟ್ಟು ಒಂದು ಕಾಪಿ ನನ್ನ ಹತ್ರಾನೂ ಇಟ್ಕೊಳ್ತಿದ್ದೆ.

ಫೆಬ್ರವರಿಲಿ ಅಪ್ಪ ಓಟ ಪೂರ್ತಿ ಬಿಟ್ಬಿಡು ಅಂದ್ರು. ಅವ್ರ ಭಯ ನಂಗೂ ಅರ್ಥ ಆಗ್ತಿತ್ತು, ಆದ್ರೆ ಓಡದೇ ಇದ್ದ ದಿನ ಓದೋಕೆ ಕೂತ್ರೂ ತಲೆಗೆ ಏನೂ ಹೋಗ್ತಿರ್ಲಿಲ್ಲ. ಕೂತು ಮಾತಾಡಿ, ವಾರಕ್ಕೆ ಮೂರು ದಿನ, ಬರೀ ನಲವತ್ತು ನಿಮಿಷ ನಿಧಾನಕ್ಕೆ ಓಡೋದು ಅಂತ ಒಪ್ಪಿಸ್ದೆ. ಮೊದಲನೇ ದಿನ ಅಪ್ಪನೇ ಗಾಡೀಲಿ ಸ್ಟೇಡಿಯಂಗೆ ಬಿಟ್ರು.