ಗ್ರಬ್2 ಮತ್ತು ಇಜಿಎಫ್ ಗ್ರಾಹಕದ ಬಂಧವನ್ನು ಪುಲ್-ಡೌನ್ ವಿಧಾನದಿಂದ ಪರೀಕ್ಷಿಸುವ ಕ್ರಮ

ಇಜಿಎಫ್ ಎಂಬ ಬೆಳವಣಿಗೆಯ ಸಂಕೇತವನ್ನು ಹಿಡಿಯುವ, ಕೋಶದ ಮೇಲ್ಮೈಯ ಪ್ರೋಟೀನೇ ಅದರ ಗ್ರಾಹಕ; ಗ್ರಬ್2 ಅದಕ್ಕೆ ಅಂಟುವ ಕೋಶದೊಳಗಿನ ಪ್ರೋಟೀನು. ಒಂದು ಪ್ರೋಟೀನನ್ನು ಮಣಿಗಳಿಗೆ ಹಿಡಿಸಿ, ಅದಕ್ಕೆ ಅಂಟುವ ಇನ್ನೊಂದನ್ನು ಎಳೆದು ತೆಗೆಯುವುದೇ ಪುಲ್-ಡೌನ್. ಮೊದಲು ಗ್ರಬ್2 ಪ್ರೋಟೀನಿನ ಎಸ್‌ಎಚ್2 ಭಾಗವನ್ನು ಜಿಎಸ್‌ಟಿಗೆ (ಗ್ಲುಟಥಯೋನ್‌ಗೆ ಅಂಟುವ ಪ್ರೋಟೀನಿಗೆ) ಜೋಡಿಸಿದ ಪ್ಲಾಸ್ಮಿಡ್ಡನ್ನು (ಡಿಎನ್‌ಎ ಉಂಗುರವನ್ನು) ಇ. ಕೋಲಿ ಬ್ಯಾಕ್ಟೀರಿಯಾದ ಬಿಎಲ್21 ತಳಿಗೆ ಸೇರಿಸಿ, ಕಲ್ಚರಿನ ಒಡಿ (ಬ್ಯಾಕ್ಟೀರಿಯಾ ಎಷ್ಟು ಬೆಳೆದಿದೆ ಎಂದು ತೋರಿಸುವ ಮಬ್ಬಿನ ಅಳತೆ) 0.6ರ ಆಸುಪಾಸಿಗೆ ಬಂದಾಗ ಪ್ರೋಟೀನು ತಯಾರಿಕೆಗೆ ಚಾಲನೆ ಕೊಡುವ ಐಪಿಟಿಜಿ ಬೆರೆಸಿ, 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬೆಳೆಸಬೇಕು. 37 ಡಿಗ್ರಿಯಲ್ಲಿ ಕೆಲಸ ಬೇಗ ಮುಗಿಯುತ್ತದೆ. ಆದರೆ ಅವಸರದಲ್ಲಿ ತಯಾರಾದ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಗಂಟುಕಟ್ಟುವ ಸಂಭವ ಹೆಚ್ಚು. ಕೋಶಗಳನ್ನು ಒಡೆದು, ಪ್ರೋಟೀನನ್ನು ಗ್ಲುಟಥಯೋನ್ ಮಣಿಗಳಿಗೆ ಹಿಡಿಸಿ ತೊಳೆಯಿರಿ.

ಬಳಿಕ ಸೀರಮ್ ಇಲ್ಲದೆ ಇಟ್ಟಿದ್ದ ಎ431 ಕೋಶಗಳಿಗೆ (ಈ ಗ್ರಾಹಕ ಹೇರಳವಾಗಿರುವ ಮಾನವ ಕ್ಯಾನ್ಸರ್ ಕೋಶಗಳಿಗೆ) ಪ್ರತಿ ಮಿಲಿಲೀಟರಿಗೆ 100 ನ್ಯಾನೊಗ್ರಾಂನಂತೆ ಇಜಿಎಫ್ ಕೊಟ್ಟು, 5 ನಿಮಿಷದಲ್ಲೇ ಮಂಜುಗಡ್ಡೆಯ ಮೇಲಿಟ್ಟು ಒಡೆಯಬೇಕು. ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಗ್ರಾಹಕದ 1068ನೆಯ ಅಮೈನೋ ಆಮ್ಲವಾದ ಟೈರೋಸಿನ್‌ನಂತಹ ತಾಣಗಳಿಗೆ ಫಾಸ್ಫೇಟ್ ಅಂಟಿದ್ದರೆ ಮಾತ್ರ ಎಸ್‌ಎಚ್2 ಅವುಗಳನ್ನು ಗುರುತಿಸುತ್ತದೆ. ಕೋಶದ ಫಾಸ್ಫಟೇಸ್ ಕಿಣ್ವಗಳು ಆ ಫಾಸ್ಫೇಟನ್ನು ಕಿತ್ತುಹಾಕದಂತೆ ತಡೆಯಲು ಕೋಶಗಳನ್ನು ಒಡೆಯುವ ದ್ರಾವಣದಲ್ಲಿ 1 ಮಿಲಿಮೋಲಾರ್ ಸೋಡಿಯಂ ಆರ್ಥೊವನಡೇಟ್ ಇರಲೇಬೇಕು.

ಒಡೆದ ಕೋಶಗಳ ಈ ದ್ರಾವಣವನ್ನು ಮಣಿಗಳೊಂದಿಗೆ 4 ಡಿಗ್ರಿಯಲ್ಲಿ ಒಂದೆರಡು ಗಂಟೆ ತಿರುಗಿಸಿ, ಮಣಿಗಳನ್ನು ಮೂರು ಬಾರಿ ತೊಳೆದು, ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರತಿಕಾಯಗಳಿಂದ ಪ್ರೋಟೀನನ್ನು ಗುರುತಿಸುವ ಪರೀಕ್ಷೆಯಲ್ಲಿ) ಗ್ರಾಹಕವನ್ನು ಹುಡುಕಿರಿ. ಜಿಎಸ್‌ಟಿ ಮಾತ್ರವೇ ಇರುವ ಮಣಿಗಳು ಮತ್ತು ಇಜಿಎಫ್ ಕೊಡದ ಕೋಶಗಳು ಹೋಲಿಕೆಗೆ ಅತ್ಯಗತ್ಯ. ಗ್ರಬ್2ನಲ್ಲಿ ಫಾಸ್ಫೇಟನ್ನು ಹಿಡಿಯುವ 86ನೆಯ ಆರ್ಜಿನಿನ್ ಜಾಗಕ್ಕೆ ಲೈಸಿನ್ ತಂದ ರೂಪಾಂತರವನ್ನೂ ಬಳಸಿದರೆ, ನನ್ನ ಅಭಿಪ್ರಾಯದಲ್ಲಿ, ಫಲಿತಾಂಶವನ್ನು ಪ್ರಶ್ನಿಸುವುದು ಕಷ್ಟ.