ಎರಡು ಎಚ್‌ಟಿ ಸಪ್ಲೈ ಒಂದರ ಮೇಲೊಂದು: 2000 ವೋಲ್ಟ್ ಕಟ್ಟಿದ ನನ್ನ ಅನುಭವ

ನನ್ನ ಲೀನಿಯರ್‌ನಲ್ಲಿ, ಅಂದರೆ ರೇಡಿಯೋ ಸಿಗ್ನಲ್ಲಿನ ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರ್‌ನಲ್ಲಿ, ಎರಡು 813 ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಇವೆ. ಅವುಗಳ ಪ್ಲೇಟಿಗೆ ಎಚ್‌ಟಿ, ಅಂದರೆ ಹೈ ಟೆನ್ಶನ್ ಡಿಸಿ, 2000 ವೋಲ್ಟ್ ಹತ್ತಿರ ಬೇಕು. ಅಷ್ಟಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್ ಸುತ್ತಿಸಿದರೆ ಮೂರನೇ ಮಹಡಿಗೆ ಹೊತ್ತು ತರುವುದು ನನ್ನೊಬ್ಬನಿಂದ ಆಗದ ಮಾತು. ಅದಕ್ಕೇ 700 ವೋಲ್ಟಿನ ಎರಡು ಸುತ್ತಿಸಿ, ಪ್ರತಿಯೊಂದಕ್ಕೂ ಅದರದೇ ಬ್ರಿಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್), ಅದರದೇ ಕೆಪಾಸಿಟರ್ ಕೊಟ್ಟು, ಕೆಳಗಿನದರ ಪ್ಲಸ್ಸಿಗೆ ಮೇಲಿನದರ ಮೈನಸ್ ಸೇರಿಸಿದೆ. 700 ವೋಲ್ಟ್ ಎಸಿಯ ಪೀಕ್ ಸುಮಾರು 990, ಕೆಪಾಸಿಟರ್ ತುಂಬುವುದು ಅಷ್ಟಕ್ಕೆ; ಎರಡು ಸೇರಿ 1980. ಬೇರೆ ಬೇರೆ ಡಿಸಿ ಮಾಡಿ ಆಮೇಲೆ ಸೇರಿಸುವುದರಿಂದ ಫೇಸ್ ಹಿಂದುಮುಂದಾದರೂ ಏನೂ ಆಗುವುದಿಲ್ಲ.

ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟವರು ವಿಜಯಪುರದ ಕಡೆಯವರು, ಪುಣೆಯಲ್ಲೇ ಅಂಗಡಿ. ನಾನು ವೋಲ್ಟು, ಆಂಪಿಯರ್ ಬರೆದುಕೊಟ್ಟೆ. ಅವರು ಚೀಟಿ ನೋಡಿ, "ಸರ್ರ, ಇದೆಲ್ಲಾ ಸರಿ, ಕೋರಿಗೆ ಎಷ್ಟು ತಡೀಬೇಕು ಅದನ್ನ ಹೇಳ್ರಿ" ಅಂದರು. ಅಂದರೆ ಸುತ್ತಿದ ತಂತಿಗೂ ಅರ್ತ್ ಆದ ಕಬ್ಬಿಣದ ಕೋರಿಗೂ ನಡುವಿನ ಇನ್ಸುಲೇಶನ್ ಎಷ್ಟು ವೋಲ್ಟ್ ತಡೆಯಬೇಕು ಅಂತ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ! ಮೇಲಿನ ಸೆಕೆಂಡರಿ (ಔಟ್‌ಪುಟ್ ಸುರುಳಿ) 700 ವೋಲ್ಟಿನದೇ ಇರಬಹುದು, ಆದರೆ ಅರ್ತ್‌ನಿಂದ ನೋಡಿದರೆ ಅದು 1000ದಿಂದ 2000 ವೋಲ್ಟ್ ಮೇಲೆ ತೇಲುತ್ತಿರುತ್ತದೆ. ಇನ್ಸುಲೇಶನ್ ಜಾಸ್ತಿ ಹಾಕಿಸಿ, 5000 ವೋಲ್ಟಿಗೆ ಟೆಸ್ಟ್ ಮಾಡಿಸಿಕೊಂಡೆ.

ಅಷ್ಟೆಲ್ಲ ಮಾಡಿಯೂ ಅದೇ ತಪ್ಪನ್ನು ಕೆಪಾಸಿಟರ್‌ಗಳಲ್ಲಿ ಮಾಡಿದೆ. ಪುಣೆಯ ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬಾ ಗುಡಿ ಹತ್ತಿರ 450 ವೋಲ್ಟ್, 220 ಮೈಕ್ರೋಫ್ಯಾರಡ್‌ನವು ಆರು ತಂದಿದ್ದೆ. ಒಂದೊಂದು ಸಪ್ಲೈಗೆ ಮೂರು ಸೀರೀಸ್, ಒಂದೊಂದರ ಮೇಲೆ 330 ವೋಲ್ಟ್. ಆರನ್ನೂ ತಗಡಿನ ಕ್ಲಾಂಪ್ ಹಾಕಿ ನೇರ ಚಾಸಿಗೆ (ಅರ್ತ್ ಆದ ಲೋಹದ ತಳಕ್ಕೆ) ಬಿಗಿದೆ. ಈ ಕೆಪಾಸಿಟರ್‌ನ ಅಲ್ಯೂಮಿನಿಯಂ ಡಬ್ಬಿ ಒಳಗೆ ಮೈನಸ್ಸಿಗೆ ತಾಗಿಕೊಂಡ ಹಾಗೇ ಲೆಕ್ಕ, ಅಂದರೆ ಎಲ್ಲಕ್ಕಿಂತ ಮೇಲಿನ ಡಬ್ಬಿ ಚಾಸಿಯಿಂದ 1650 ವೋಲ್ಟ್ ಮೇಲೆ ಇತ್ತು, ನಡುವೆ ಇದ್ದದ್ದು ಒಂದು ತೆಳು ಪ್ಲಾಸ್ಟಿಕ್ ಹೊದಿಕೆ ಮಾತ್ರ. ಜುಲೈ ತಿಂಗಳು, ಮಳೆ, ಗೋಡೆಯೆಲ್ಲ ತೇವ. ಹತ್ತು ನಿಮಿಷ ಸುಮ್ನೆ ಇತ್ತು, ಆಮೇಲೆ ಪಟಾಕಿ ಹೊಡೆದ ಹಾಗೆ ಸದ್ದು, ಫ್ಯೂಸ್ ಹೋಯಿತು. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ಕಪ್ಪು ತೂತು.

ಈಗ ಆರೂ ಹೈಲಮ್ ಶೀಟಿನ (ಕರೆಂಟ್ ಹರಿಯದ ಗಟ್ಟಿ ಹಲಗೆ) ಮೇಲೆ ನಿಂತಿವೆ, ಸುತ್ತ ಲೋಹವೇ ಇಲ್ಲ. ಪ್ರತಿಯೊಂದಕ್ಕೂ 100 ಕಿಲೋಓಮ್, 5 ವ್ಯಾಟಿನ ರೆಸಿಸ್ಟರ್ ಅಡ್ಡ ಹಾಕಿದ್ದೇನೆ. ವೋಲ್ಟೇಜ್ ಸಮನಾಗಿ ಹಂಚಿಕೊಳ್ಳುವುದಕ್ಕೂ ಅದೇ, ಆಫ್ ಮಾಡಿದ ಮೇಲೆ ಚಾರ್ಜ್ ಇಳಿಯುವುದಕ್ಕೂ ಅದೇ. ಪ್ಲೇಟಿಗೆ ಹೋಗುವ ತಂತಿಯಲ್ಲಿ 50 ಓಮ್ ವೈರ್‌ವೂಂಡ್ ರೆಸಿಸ್ಟರ್ ಇದೆ, ವಾಲ್ವ್ ಒಳಗೆ ಫ್ಲ್ಯಾಶ್ ಆದರೂ (ಕಿಡಿ ಹಾರಿ ಶಾರ್ಟ್ ಆದರೂ) ಕರೆಂಟ್ 40 ಆಂಪಿಯರ್ ದಾಟುವುದಿಲ್ಲ. ಎರಡೂ ಪ್ರೈಮರಿಗೆ (ಮೇನ್ಸ್ ಕಡೆಯ ಸುರುಳಿಗೆ) ಒಂದೇ ಸ್ವಿಚ್.

ತುಂಬಿದಾಗ ಇದರಲ್ಲಿ ಸುಮಾರು 72 ಜೂಲ್ ಇರುತ್ತದೆ, ಜೀವ ತೆಗೆಯಲು ಧಾರಾಳ ಸಾಕು. ಎರಡು ನಿಮಿಷದಲ್ಲಿ ಇಳಿಯಬೇಕು. ಆದರೆ ಒಂದು ರೆಸಿಸ್ಟರ್ ಸುಟ್ಟು ಓಪನ್ ಆಗಿದ್ದರೆ ಇಳಿಯುವುದಿಲ್ಲ, ಅಲ್ವಾ? ಅದಕ್ಕೇ ಪ್ಲಗ್ ಕಿತ್ತು, ಮೀಟರ್ ನೋಡಿ, ಅರ್ತ್ ತಂತಿ ಕಟ್ಟಿದ ಕೋಲನ್ನು ಒಂದೊಂದು ಕೆಪಾಸಿಟರ್‌ಗೂ ಮುಟ್ಟಿಸಿದ ಮೇಲೆಯೇ ಒಳಗೆ ಕೈ ಹಾಕುತ್ತೇನೆ. ಆ ಕೋಲು ಮುಚ್ಚಳದ ಪಕ್ಕದಲ್ಲೇ ನೇತಾಡುತ್ತಿರುತ್ತದೆ.