ಮಾರಿಷಸ್‌ಗೆ ಊರಿನವರನ್ನು ಕರೆಸಿಕೊಳ್ಳುವ ಮೊದಲು

ಹೊಸದಾಗಿ ಇಲ್ಲಿಗೆ ಬಂದವರು ಮನೆ ಸಿಕ್ಕ ಕೂಡಲೇ ಕೇಳುವ ಪ್ರಶ್ನೆ ಒಂದೇ. ಅಪ್ಪ ಅಮ್ಮನನ್ನು ಯಾವಾಗ ಕರೆಸೋದು? ನಾವು ಕಾತ್ರ್ ಬೋರ್ನ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ಕಾರಿಲ್ಲ. ಬಸ್ಸು, ಮೆಟ್ರೊ, ಉಳಿದದ್ದು ನಡಿಗೆ. ಆಯಿ, ಅಪ್ಪ ಎರಡು ಸಲ ಬಂದು ಹೋದರು. ಮೊದಲ ಸಲ ನಾನು ಮಾಡಿದ ತಪ್ಪುಗಳನ್ನು ನೀವು ಮಾಡಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಕಾಗದಪತ್ರದ್ದು ಬೇಗ ಹೇಳಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ವೀಸಾ ಇಲ್ಲಿ ಇಳಿದ ಮೇಲೆಯೇ ಸಿಗುತ್ತದೆ. ವಾಪಸ್ ಟಿಕೆಟ್, ನಿಮ್ಮ ಮನೆಯ ವಿಳಾಸ, ಖರ್ಚಿನ ಹಣಕ್ಕೆ ದಾಖಲೆ ಕೈಯಲ್ಲಿರಲಿ. ವಯಸ್ಸಾದವರಿಗೆ ವಿಮೆ ಮಾಡಿಸಿ. ಔಷಧಿಯ ಜೊತೆ ಡಾಕ್ಟರ ಚೀಟಿ ಇರಲಿ. ಅಷ್ಟೇ.

ಗಂಟುಮೂಟೆಯ ವಿಷಯ ಮಾತ್ರ ಅಷ್ಟಕ್ಕೆ ಮುಗಿಯುವುದಿಲ್ಲ. ಸಸಿ, ಬೀಜ, ಗೆಡ್ಡೆ, ಹಸಿ ಹಣ್ಣು ತರಬೇಡಿ ಎಂದು ಊರಿಗೆ ಮೊದಲೇ ಬಿಡಿಸಿ ಹೇಳಿ. ಪರವಾನಗಿ ಇಲ್ಲದೆ ಇಲ್ಲಿ ಗಿಡವನ್ನು ಒಳಗೆ ಬಿಡುವುದಿಲ್ಲ. ಪುಟ್ಟ ದ್ವೀಪ ಅಲ್ವಾ, ಒಂದು ಹುಳ ಬಂದು ಸೇರಿದರೂ ಬೆಳೆಗೆ ಕಂಟಕ. ನಾನು ಹೇಳಿರಲಿಲ್ಲ. ಆಯಿ ಹೊನ್ನಾವರದ ಹಿತ್ತಲಿನಿಂದ ಕರಿಬೇವಿನ ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೆಸುವಿನ ಗೆಡ್ಡೆಯನ್ನು ಸೀರೆಗಳ ನಡುವೆ ಇಟ್ಟು ತಂದಿದ್ದರು. ಎರಡನ್ನೂ ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡರು. ಹೊರಗೆ ಬಂದಾಗ ಆಯಿಯ ಕಣ್ಣು ಕೆಂಪಾಗಿತ್ತು. ಸಮಾಧಾನ ಮಾಡಬೇಕಾದ ನಾನು ಟ್ಯಾಕ್ಸಿಯಲ್ಲಿ ಬೈದೆ. "ಇಷ್ಟು ದೂರ ಯಾರಾದ್ರೂ ಗಿಡ ಹೊತ್ಕೊಂಡು ಬರ್ತಾರಾ?" ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಮಗಳ ಮನೆಯಲ್ಲಿ ಒಂದು ಕರಿಬೇವಿನ ಗಿಡ ಇರಲಿ ಅಂದುಕೊಂಡಿದ್ದರಲ್ಲಿ ತಪ್ಪೇನಿತ್ತು?

ಎರಡನೆಯ ತಪ್ಪು ತಿಂಗಳಿನದ್ದು. ಮಾರಿಷಸ್ ಅಂದರೆ ವರ್ಷವಿಡೀ ಬಿಸಿಲು ಎಂದು ನಾವೆಲ್ಲ ಅಂದುಕೊಂಡೇ ಬಂದಿರುತ್ತೇವೆ. ಇದು ಭೂಮಧ್ಯರೇಖೆಯ ಕೆಳಗಿನ ನಾಡು. ಜುಲೈ ಅಂದರೆ ಚಳಿಗಾಲ. ಕರಾವಳಿಯಲ್ಲಿ ಹಿತವಾಗಿದ್ದರೂ ನಡುನಾಡಿನ ಎತ್ತರದಲ್ಲಿ, ವಾಕ್ವಾ, ಕ್ಯೂರ್‌ಪೀಪ್ ಕಡೆ, ಸಣ್ಣ ಮಳೆ, ಥಂಡಿ ಗಾಳಿ. ನಾನು ಮೊದಲ ಸಲ ಅವರನ್ನು ಕರೆಸಿದ್ದು ಜುಲೈನಲ್ಲಿ. ಸ್ವೆಟರ್ ತನ್ನಿ ಎಂದೂ ಹೇಳಿರಲಿಲ್ಲ. ನಾಲ್ಕನೇ ದಿನಕ್ಕೆ ಅಪ್ಪನಿಗೆ ಕೆಮ್ಮು ಹಿಡಿಯಿತು. ನನ್ನನ್ನು ಕೇಳಿದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ನವೆಂಬರ್ ಕೊನೆಗೆ ಬಂದರೆ ಲಿಚಿ ಹಣ್ಣೂ ಸಿಗುತ್ತದೆ. ಆದರೆ ಮಳೆಗಾಲಕ್ಕೆ ಮುಂಚಿನ ಆ ದಿನಗಳಲ್ಲಿ ಕೆಲವೊಮ್ಮೆ ನಲ್ಲಿ ನೀರು ಗಂಟೆಗಳ ಲೆಕ್ಕದಲ್ಲಿ ಬರುತ್ತದೆ. ಬಾಡಿಗೆ ಮನೆ ನೋಡುವಾಗ ಮೇಲೆ ಟ್ಯಾಂಕ್ ಇದೆಯಾ ಎಂದು ಮೊದಲು ಕೇಳಿ.

ಮೂರನೆಯ ತಪ್ಪೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಮನೆ ಚಿಕ್ಕದು, ಬದುಕು ಸಾದಾ. ಅದನ್ನು ಅವರು ನೋಡಬಾರದು ಎಂದು ನನಗೆ ಒಳಗೊಳಗೆ ಸಂಕೋಚ. ಅದಕ್ಕೆ ಕೂಡಿಟ್ಟ ಹಣವನ್ನೆಲ್ಲ ಸುರಿದು ಸಮುದ್ರದ ಎದುರಿನ ಹೋಟೆಲ್‌ನಲ್ಲಿ ಐದು ದಿನ ಕೋಣೆ ಹಿಡಿದೆ. ಉಳಿದ ದಿನಗಳಿಗೆ ಬಾಡಿಗೆ ಕಾರು. ಒಂದು ದಿನ ಜಲಪಾತ, ಒಂದು ದಿನ ದೋಣಿ, ಒಂದು ದಿನ ಬಣ್ಣಬಣ್ಣದ ಮಣ್ಣಿನ ದಿಬ್ಬಗಳು. ಸಂಜೆ ಹೊತ್ತಿಗೆ ಅಪ್ಪ ಸುಸ್ತಾಗಿ ಗೋಡೆಗೆ ಒರಗಿರುತ್ತಿದ್ದರು. ಹೋಟೆಲ್‌ನಲ್ಲಿ ಆಯಿಗೆ ತಿನ್ನಲು ಸಿಕ್ಕಿದ್ದು ಅನ್ನ, ಮೊಸರು, ಹಣ್ಣು. ಮೂರನೇ ದಿನ ಅಪ್ಪ ಮೆಲ್ಲಗೆ ಕೇಳಿದರು. "ಸಮುದ್ರ ನಮ್ಗೆ ಹೊಸ್ತಾ ಮಗಾ? ನಿನ್ ಮನೆಗೆ ಯಾವಾಗ ಹೋಗೋದು?" ಶರಾವತಿ ಕಡಲು ಸೇರುವ ಊರಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ನಾನು ಸಮುದ್ರ ತೋರಿಸಲು ಹೊರಟಿದ್ದೆ.

ಸಮುದ್ರಕ್ಕೆ ಹೋಗುವುದಾದರೆ ಎರಡು ಮಾತು ನೆನಪಿಡಿ. ಹವಳದ ದಿಬ್ಬ ಅಡ್ಡ ಇರುವ ಕಡೆ ನೀರು ಶಾಂತ. ಆದರೂ ಕಾಲಿಗೆ ರಬ್ಬರ್ ಚಪ್ಪಲಿ ಬೇಕು. ತಳದಲ್ಲಿ ಮುಳ್ಳಿನ ಸಮುದ್ರ ಜೀವಿಗಳಿವೆ, ಕಲ್ಲಿನಂತೆ ಕಾಣುವ ವಿಷದ ಮೀನೂ ಇದೆ. ತೆಂಕಣ ತುದಿಯ ಗ್ರಿ ಗ್ರಿ ಎಂಬ ಕಡಲತೀರದಲ್ಲಿ ಹವಳದ ತಡೆಯೇ ಇಲ್ಲ. ದಡದಲ್ಲಿ ನಿಂತು ನೋಡಿ, ನೀರಿಗೆ ಇಳಿಯಬೇಡಿ.

ಎರಡನೇ ಸಲ ಅವರು ಬಂದಿದ್ದು ಜನವರಿಯಲ್ಲಿ, ಟಿಕೆಟ್ ಅಗ್ಗ ಸಿಕ್ಕಿತು ಅಂತ. ಈ ಸಲ ಯಾವ ಬುಕಿಂಗೂ ಮಾಡಲಿಲ್ಲ. ಹಣವೂ ಇರಲಿಲ್ಲ. ನಮ್ಮ ಕೋಣೆ ಅವರಿಗೆ ಬಿಟ್ಟು ನಾವು ಹೊರಗೆ ಹಾಸಿಗೆ ಹಾಸಿದೆವು. ಬುಧವಾರ ಬೆಳಿಗ್ಗೆ ಅಪ್ಪನನ್ನು ಕಾತ್ರ್ ಬೋರ್ನ್ ಸಂತೆಗೆ ಕರೆದುಕೊಂಡು ಹೋದೆ. ತರಕಾರಿ ಸಂತೆ ಬುಧವಾರ, ಶನಿವಾರ. ಗುರುವಾರ, ಭಾನುವಾರ ಬಟ್ಟೆಯದ್ದು. ಅಲ್ಲಿ ಅಪ್ಪ ಒಂದು ರಾಶಿಯ ಮುಂದೆ ನಿಂತುಬಿಟ್ಟರು. ದೀವಿಹಲಸು! ಇಲ್ಲಿ ಅದು ಫ್ರಿಯಾಪೆಂ. ಪಕ್ಕದಲ್ಲಿ ಹೀರೇಕಾಯಿ, ಅದಕ್ಕೆ ಪಿಪಂಗಾಯ್. ನುಗ್ಗೆ ಸೊಪ್ಪಿಗೆ ಬ್ರೆದ್ ಮುರುಂ. ಕೆಸುವಿನ ಸೊಪ್ಪಿಗೆ ಬ್ರೆದ್ ಸೊಂಜ್. ಹಾಗಲಕ್ಕೆ ಮಾರ್ಗೋಜ್, ಬೆಂಡೆಗೆ ಲಾಲೋ, ಸೀಮೆಬದನೆಗೆ ಶುಶು. ಕೊತ್ತಂಬರಿಗೆ ಕೊತೊಮಿಲಿ. ಕೊನೆಗೆ ಮಾರುವವ ಒಂದು ಕಟ್ಟು ಎತ್ತಿ ಹಿಡಿದು "ಕಾರಿ ಪುಲೆ" ಎಂದ. ಕರಿಬೇವು. ಆಯಿ ಸೀರೆ ಗಂಟಿನ ಜೊತೆ ಹೊತ್ತು ತಂದು ಕಳೆದುಕೊಂಡದ್ದು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಇತ್ತು. ಮೊದಲ ಸಲ ನಾನು ಅವರನ್ನು ಇಲ್ಲಿಗೆ ಕರೆದುಕೊಂಡೇ ಬಂದಿರಲಿಲ್ಲ.

ಎರಡನೇ ವಾರ ಚಂಡಮಾರುತದ ಎಚ್ಚರಿಕೆ ಬಂತು. ಹೊಸಬರು ಇದನ್ನು ತಿಳಿದಿರಲೇಬೇಕು. ಒಂದರಿಂದ ನಾಲ್ಕರವರೆಗೆ ಎಚ್ಚರಿಕೆಯ ಹಂತಗಳಿವೆ. ಮೂರು ಬಂತೆಂದರೆ ಎಲ್ಲರೂ ಮನೆಯೊಳಗೆ ಇರಬೇಕು. ನಾಲ್ಕು ಎಂದರೆ ಗಂಟೆಗೆ 120 ಕಿಲೋಮೀಟರ್ ವೇಗದ ಗಾಳಿ ಆಗಲೇ ಬೀಸಿದೆ ಎಂದು ಅರ್ಥ. ಎರಡರಲ್ಲೇ ನೀರು ತುಂಬಿಡಿ, ಮೇಣದಬತ್ತಿ, ಅವಲಕ್ಕಿ, ಔಷಧಿ, ಸಿಲಿಂಡರ್ ನೋಡಿಕೊಳ್ಳಿ. ಗಾಳಿ ನಿಂತಂತೆ ಆದರೂ ಹೊರಗೆ ಕಾಲಿಡಬೇಡಿ. ಅದು ಚಂಡಮಾರುತದ ಕಣ್ಣು, ಅಂದರೆ ಗಾಳಿಯಿಲ್ಲದ ನಡುಭಾಗ ಇರಬಹುದು, ಮತ್ತೆ ಎದುರು ದಿಕ್ಕಿನಿಂದ ಬೀಸುತ್ತದೆ.

ನಮಗೆ ಮೂರರ ಎಚ್ಚರಿಕೆ ಇತ್ತು. ಒಂದು ಹಗಲು, ಒಂದು ರಾತ್ರಿ ಐದು ಜನ ಒಂದೇ ಕೋಣೆಯಲ್ಲಿ ಕಳೆದೆವು. ಗಂಜಿ, ಹಪ್ಪಳ, ಆಯಿ ತಂದ ಅಪ್ಪೆಮಿಡಿ ಉಪ್ಪಿನಕಾಯಿ. ಮಗಳಿಗೆ ಆಗ ಎಂಟು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಫ್ರೆಂಚ್, ಆಟದಲ್ಲಿ ಇಲ್ಲಿನ ಆಡುಮಾತಾದ ಕ್ರಿಯೋಲ್. ನಾವು ಕನ್ನಡದಲ್ಲಿ ಕೇಳಿದರೆ ಕ್ರಿಯೋಲ್‌ನಲ್ಲಿ ಉತ್ತರ. ಮೊದಲ ಸಲ ಅಜ್ಜಿಯ ಹತ್ತಿರ ಅವಳು ಮಾತೇ ಆಡಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಫೋನ್ ಹಿಡಿದು ಕೂತಿರುತ್ತಿದ್ದಳು. ಈಗ ಕರೆಂಟೂ ಇಲ್ಲ, ಫೋನೂ ಇಲ್ಲ. "ಕೂಸೇ, ಬಾ ಇಲ್ಲಿ" ಎಂದು ಆಯಿ ಕರೆದು ಅವಳ ತಲೆ ಬಾಚಲು ಶುರು ಮಾಡಿದರು. ಕತ್ತಲಲ್ಲಿ ಇಬ್ಬರ ದನಿ ತುಂಬಾ ಹೊತ್ತು ಕೇಳುತ್ತಿತ್ತು. ಅರ್ಧ ಕನ್ನಡ, ಅರ್ಧ ಕ್ರಿಯೋಲ್. ನಾನು ನಡುವೆ ಹೋಗಿ ತಿದ್ದಲಿಲ್ಲ.

ಗಾಳಿ ಹೋದ ಮೇಲೂ ಎರಡು ದಿನ ಕರೆಂಟ್ ಬರಲಿಲ್ಲ. ಮಿಕ್ಸಿ ಇಲ್ಲದೆ ಚಟ್ನಿ ಹೇಗೆ? ಪಕ್ಕದ ಮನೆಯ ಅಜ್ಜಿ ತಮ್ಮ ಹಿತ್ತಲಿಗೆ ಕರೆದರು. ಅಲ್ಲಿ ರೋಸ್ ಕಾರಿ ಇತ್ತು, ನಮ್ಮ ಅರೆಯುವ ಕಲ್ಲೇ. ಆಯಿ ಅದರ ಮುಂದೆ ಸೆರಗು ಸಿಕ್ಕಿಸಿ ಕೂತ ರೀತಿ ನೋಡಿ ಆ ಅಜ್ಜಿ ನಕ್ಕರು. ಅವರ ಹಿರಿಯರು ತಮಿಳು ಸೀಮೆಯಿಂದ ಕಬ್ಬಿನ ಗದ್ದೆಗೆ ಬಂದವರು. 1834ರಿಂದ ಹಾಗೆ ಹಡಗಿನಲ್ಲಿ ಬಂದ ಲಕ್ಷಗಟ್ಟಲೆ ಜನ ಪೋರ್ಟ್ ಲೂಯಿಯ ಬಂದರಿನಲ್ಲಿ ಇಳಿದರು. ಆ ಜಾಗ ಈಗ ಆಪ್ರವಾಸಿ ಘಾಟ್ ಎಂಬ ಸ್ಮಾರಕ. ಈ ಅಜ್ಜಿಗೆ ತಮಿಳು ಬರುವುದಿಲ್ಲ. ಕಾರಿ ಪುಲೆ, ಕೊತೊಮಿಲಿ, ಮುರುಂ ಮಾತ್ರ ಉಳಿದಿವೆ. ಅಡುಗೆಮನೆಯ ಮಾತುಗಳಷ್ಟೇ ಅಲ್ವಾ ಎಂದು ಮೊದಲು ನನಗೆ ಸಂಕಟ ಆಯಿತು. ನನ್ನ ಮಗಳ ಮೊಮ್ಮಕ್ಕಳ ಬಾಯಲ್ಲಿ ಕನ್ನಡದ್ದು ಏನು ಉಳಿಯಬಹುದು ಎಂದು ಯೋಚಿಸಿದೆ. ಎಷ್ಟು ಉಳಿದರೂ ಅದು ಹೀಗೆ ಯಾರೋ ಪಕ್ಕದಲ್ಲಿ ಕೂತು ಅರೆದು, ಬಾಚಿ, ಬಡಿಸಿದ್ದರಿಂದಲೇ ಉಳಿಯುತ್ತದೆ. ಭಾನುವಾರದ ಪಾಠಕ್ಕೆ ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಅಜ್ಜ ಅಜ್ಜಿ ಬಂದಾಗ ಮಕ್ಕಳನ್ನು ಅವರ ಜೊತೆ ಸುಮ್ನೆ ಬಿಡಿ. ಹಿರಿಯರಿಗೆ ಕೆಲಸ ಕೊಡಿ, ಸೊಪ್ಪು ಬಿಡಿಸಲಿ, ಗಿಡಕ್ಕೆ ನೀರು ಹಾಕಲಿ. ಕಾರಿಗಿಂತ ಮನೆಯ ಮೆಟ್ಟಿಲ ಮೇಲೆ ಜಾಸ್ತಿ ಹೊತ್ತು ಕೂರಲಿ.

ಆ ಸಲ ಹೊರಡುವ ಹಿಂದಿನ ದಿನ ಅಪ್ಪ ಒಂದು ಹಾಳೆಯಲ್ಲಿ ತರಕಾರಿ ಹೆಸರುಗಳನ್ನು ಬರೆದರು. ಎಡಕ್ಕೆ ಕನ್ನಡ, ಬಲಕ್ಕೆ ಮಗಳು ಹೇಳಿದ ಕ್ರಿಯೋಲ್, ಅದೂ ಕನ್ನಡ ಅಕ್ಷರದಲ್ಲೇ. ಇಪ್ಪತ್ತಾರು ಹೆಸರು. ಹಾಳೆ ನಮ್ಮ ಫ್ರಿಜ್ಜಿನ ಮೇಲೆ ಇನ್ನೂ ಇದೆ. ಅಪ್ಪ ತೀರಿಹೋಗಿ ಮೂರು ವರ್ಷವಾಯಿತು. ಮಗಳು ಸಂತೆಗೆ ಹೊರಡುವಾಗ ಅದನ್ನೇ ಓದುತ್ತಾಳೆ, ಎಡದಿಂದ. ನಮ್ಮ ಕಡೆ ಬಂದರೆ ಮನೆಗೆ ಬನ್ನಿ, ನಿಮಗೂ ಒಂದು ಪ್ರತಿ ಬರೆದುಕೊಡುತ್ತಾಳೆ.